ಮಂಡಿ ಸವೆತಕ್ಕೆ ರಕ್ತ ಪರೀಕ್ಷೆ ಇದೆಯಾ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದವಳು. ವಯಸ್ಸು 56, ತೂಕ 74 ಕಿಲೋ, ಎತ್ತರ ಐದು ಅಡಿ ಒಂದು ಇಂಚು. ಎರಡು ವರ್ಷದಿಂದ ಬಲ ಮಂಡಿ ನೋವು, ಮೆಟ್ಟಿಲು ಇಳಿಯುವಾಗ ಜಾಸ್ತಿ. ಬೆಳಿಗ್ಗೆ ಎದ್ದಾಗ ಹತ್ತು ನಿಮಿಷ ಬಿಗಿ, ಆಮೇಲೆ ಸಡಿಲ. ಮೂರು ತಿಂಗಳಿಂದ ಆಗಾಗ ಊದುತ್ತಿದೆ. ಎಕ್ಸ್‌ರೇಯಲ್ಲಿ ‘ಗ್ರೇಡ್ 2’ (ಸೌಮ್ಯ ಸವೆತ) ಎಂದು ಬರೆದಿದ್ದಾರೆ. ಲ್ಯಾಬಿನಲ್ಲಿ ‘ಆರ್ಥ್ರೈಟಿಸ್ ಪ್ಯಾಕೇಜ್’ ಮಾಡಿಸಿದೆ: ಇಎಸ್‌ಆರ್ 32, ಸಿಆರ್‌ಪಿ 4, ಆರ್‌ಎ ಫ್ಯಾಕ್ಟರ್ 22 (ಅವರ ಮಿತಿ 20), ಆಂಟಿ-ಸಿಸಿಪಿ ನೆಗೆಟಿವ್, ಯೂರಿಕ್ ಆಸಿಡ್ 6.3, ಎಎಸ್‌ಓ ನೆಗೆಟಿವ್, ವಿಟಮಿನ್ ಡಿ 17. ಬಿಪಿಗೆ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ ತಗೊಳ್ಳುತ್ತೇನೆ. ಡಾಕ್ಟರು ಮಂಡಿಯ ನೀರು ತೆಗೆದು ಪರೀಕ್ಷೆ ಮಾಡೋಣ ಅಂತಾರೆ. ಅಕ್ಕಪಕ್ಕದವರು ಒಮ್ಮೆ ನೀರು ತೆಗೆದರೆ ಗ್ರೀಸೆಲ್ಲ ಹೋಗುತ್ತದೆ ಎಂದು ಹೆದರಿಸುತ್ತಾರೆ. ಮಗ ಅಮೆರಿಕದಲ್ಲಿದ್ದಾನೆ. ಎಕ್ಸ್‌ರೇಯಲ್ಲಿ ಕಾಣುವ 8 ವರ್ಷ ಮೊದಲೇ ಮಂಡಿ ಸವೆತವನ್ನು ರಕ್ತದಲ್ಲಿ ಹಿಡಿಯಬಹುದಂತೆ ಎಂದು ಒಂದು ಸುದ್ದಿ ಕಳಿಸಿದ. ಅದು ಇಲ್ಲಿ ಎಲ್ಲಿ ಸಿಗುತ್ತದೆ? ಮಗಳಿಗೆ 29, ಕಾಲೇಜಿನಲ್ಲಿ ಕಬಡ್ಡಿ ಆಡುವಾಗ ಮಂಡಿಯ ಲಿಗಮೆಂಟ್ ಹರಿದು ಆಪರೇಷನ್ ಆಗಿದೆ. ಅವಳಿಗೂ ಮಾಡಿಸಲೇ? ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ, ಆದರೂ ಇದು ಹಂದಿಗೋಡು ಕಾಯಿಲೆ ಇರಬಹುದಾ ಎಂಬ ಭಯವೂ ಇದೆ.

ಉತ್ತರ: ಮೇಡಂ, ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮಂಡಿ ಎಷ್ಟು ಸವೆದಿದೆ, ಮುಂದೆ ಎಷ್ಟು ಸವೆಯುತ್ತದೆ ಎಂದು ಹೇಳಿ ಅದರ ಮೇಲೆ ಔಷಧಿ ಬರೆಯಬಹುದಾದ ರಕ್ತ ಪರೀಕ್ಷೆ ಇವತ್ತಿಗೆ ಇಲ್ಲ. ಇಲ್ಲೂ ಇಲ್ಲ, ನಿಮ್ಮ ಮಗ ಇರುವ ಊರಲ್ಲೂ ಇಲ್ಲ. ನಿಮ್ಮ ಪ್ಯಾಕೇಜಿನಲ್ಲಿ ಏಳು ಪರೀಕ್ಷೆ ಇವೆಯಲ್ಲ, ಅವುಗಳಲ್ಲಿ ಒಂದೂ ಮಂಡಿ ಸವೆತವನ್ನು ಅಳೆಯುವುದಿಲ್ಲ. ಆದರೆ ಮಂಡಿಯ ನೀರಿನ ಪರೀಕ್ಷೆ ಬೇರೆ ಮಾತು. ಅದನ್ನು ಮಾಡಿಸಿ, ನಿಮ್ಮ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ.

ಹಂದಿಗೋಡಿನ ಭಯ ಬಿಟ್ಟುಬಿಡಿ. 1970ರ ದಶಕದ ನಡುವಿನಲ್ಲಿ ನಿಮ್ಮ ತಾಲ್ಲೂಕಿನಲ್ಲೇ ಮೊದಲು ಗಮನಕ್ಕೆ ಬಂದ ಕಾಯಿಲೆ ಅದು, ಭಯ ಸಹಜ. ಆದರೆ ಅದು ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವಂಥದ್ದು, ಸೊಂಟದ ಕೀಲಿಗೆ ಹೆಚ್ಚು ಪೆಟ್ಟು ಕೊಡುವಂಥದ್ದು, ಬಹಳ ಮಂದಿಯಲ್ಲಿ ಚಿಕ್ಕ ವಯಸ್ಸಿನಲ್ಲೇ ಶುರುವಾಗುವಂಥದ್ದು. ಮನೆತನದಲ್ಲಿ ಯಾರಿಗೂ ಇಲ್ಲದೆ, 54ಕ್ಕೆ ಒಂದೇ ಮಂಡಿಯಲ್ಲಿ ಶುರುವಾದ ನೋವು ಆ ಲೆಕ್ಕಕ್ಕೆ ಬರುವುದಿಲ್ಲ.

ಈಗ ಆ ಪ್ಯಾಕೇಜ್ ನೋಡೋಣ. ನನ್ನ ಹತ್ತಿರ ಬರುವವರಲ್ಲಿ ಅರ್ಧದಷ್ಟು ಜನ ಇಂಥದ್ದೇ ಒಂದು ಹಾಳೆ ಹಿಡಿದುಕೊಂಡು, ದಪ್ಪ ಅಕ್ಷರದಲ್ಲಿ ಅಚ್ಚಾದ ಒಂದೆರಡು ನಂಬರ್ ನೋಡಿ ರಾತ್ರಿ ನಿದ್ದೆ ಬಿಟ್ಟು ಬಂದಿರುತ್ತಾರೆ. ಇಎಸ್‌ಆರ್, ಸಿಆರ್‌ಪಿ ಎರಡೂ ಮೈಯಲ್ಲಿ ಉರಿಯೂತ ಇದೆಯಾ ಎಂದು ನೋಡುವ ಪರೀಕ್ಷೆಗಳು. ನಿಮ್ಮ ಇಎಸ್‌ಆರ್ 32. ಹೆಂಗಸರಲ್ಲಿ ವಯಸ್ಸಿಗೆ ಹತ್ತು ಕೂಡಿಸಿ ಅರ್ಧ ಮಾಡಿದರೆ ಎಷ್ಟೋ ಅಷ್ಟರವರೆಗೆ ಸರಿ ಎಂಬುದು ಹಳೆಯ ಲೆಕ್ಕ. ನಿಮಗೆ ಅದು 33. ಸಿಆರ್‌ಪಿ ಕೂಡ ಮಿತಿಯೊಳಗೇ ಇದೆ. ಎಎಸ್‌ಓ ಯಾಕೆ ಮಾಡಿದರೋ ದೇವರೇ ಬಲ್ಲ! ಅದು ಗಂಟಲಿಗೆ ಸ್ಟ್ರೆಪ್ಟೊಕಾಕಸ್ ಸೋಂಕು ಬಂದು ಹೋಗಿದೆಯಾ ಎಂದು ತೋರಿಸುವ ಪರೀಕ್ಷೆ. ಮಕ್ಕಳಿಗೆ ರುಮ್ಯಾಟಿಕ್ ಜ್ವರ ಇದೆ ಎಂಬ ಅನುಮಾನ ಬಂದಾಗ ಬೇಕಾಗುತ್ತದೆ. 56ರ ಮಂಡಿಗೂ ಅದಕ್ಕೂ ಸಂಬಂಧವಿಲ್ಲ.

ಆರ್‌ಎ ಫ್ಯಾಕ್ಟರ್ 22 ಎಂಬುದು ನಿಮ್ಮನ್ನು ಹೆದರಿಸಿರಬೇಕು. ಏನೂ ಕಾಯಿಲೆ ಇಲ್ಲದ ವಯಸ್ಸಾದವರಲ್ಲೂ ಇದು ಸ್ವಲ್ಪ ಏರಿರುವುದುಂಟು, ಹಳೆಯ ಸೋಂಕುಗಳಿದ್ದರೂ ಏರುತ್ತದೆ. ರುಮಟಾಯ್ಡ್ ಸಂಧಿವಾತಕ್ಕೆ, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆಗೆ, ಇದಕ್ಕಿಂತ ನಂಬಿಕೆಯ ಪರೀಕ್ಷೆ ಆಂಟಿ-ಸಿಸಿಪಿ, ಅದು ನಿಮಗೆ ನೆಗೆಟಿವ್. ಅದಕ್ಕಿಂತ ಮುಖ್ಯ, ಆ ಕಾಯಿಲೆ ಸಾಮಾನ್ಯವಾಗಿ ಬೆರಳಿನ ಗೆಣ್ಣು, ಮಣಿಕಟ್ಟು ಹೀಗೆ ಸಣ್ಣ ಕೀಲುಗಳಲ್ಲಿ ಎರಡೂ ಕಡೆ ಶುರುವಾಗುತ್ತದೆ, ಬೆಳಗಿನ ಬಿಗಿತ ಗಂಟೆಗಟ್ಟಲೆ ಇರುತ್ತದೆ. ನಿಮ್ಮದು ಹತ್ತು ನಿಮಿಷ.

ಆ ಹತ್ತು ನಿಮಿಷದ ಬೆಲೆ ನಿಮ್ಮ ಏಳು ಪರೀಕ್ಷೆಗಿಂತ ಜಾಸ್ತಿ, ನಿಜವಾಗಿಯೂ. ಬ್ರಿಟನ್ನಿನಲ್ಲಿ ಡಾಕ್ಟರುಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2022ರಲ್ಲಿ ಹೊಸದಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಏನಿದೆ ಗೊತ್ತಾ? 45 ದಾಟಿದವರು, ಓಡಾಡಿದಾಗ ನೋವು, ಬೆಳಗಿನ ಬಿಗಿತ ಇಲ್ಲ ಅಥವಾ ಅರ್ಧ ಗಂಟೆ ಮೀರುವುದಿಲ್ಲ, ಇಷ್ಟಿದ್ದರೆ ಅದನ್ನು ಕೀಲು ಸವೆತ ಎಂದು ಗುರುತಿಸಬಹುದು, ಬೇರೆ ಅನುಮಾನ ಇಲ್ಲದಿದ್ದರೆ ಎಕ್ಸ್‌ರೇ ಕೂಡ ಬೇಡ. ಸುಮ್ನೆ ಕೂತು ಎರಡು ಪ್ರಶ್ನೆ ಕೇಳಿದರೆ ಮುಗಿಯುವ ಕೆಲಸ. ಅದಕ್ಕೆ ಪ್ಯಾಕೇಜಿನ ದುಡ್ಡು ಕೊಟ್ಟಿದ್ದೀರಿ.

ಯೂರಿಕ್ ಆಸಿಡ್ 6.3 ಬಗ್ಗೆ ಒಂದು ಮಾತು ಜಾಸ್ತಿಯೇ ಹೇಳಬೇಕು. ಲ್ಯಾಬಿನವರು ಹೆಂಗಸರಿಗೆ 6 ಮಿತಿ ಎಂದು ಹಾಕಿರುತ್ತಾರೆ, ಹಾಗಾಗಿ ದಪ್ಪ ಅಕ್ಷರ. ಆದರೆ ಯೂರಿಕ್ ಆಸಿಡ್ ರಕ್ತದಲ್ಲಿ ಕರಗಿರಲಾಗದೆ ಹರಳುಗಟ್ಟಲು ಶುರುವಾಗುವುದು ಸುಮಾರು 6.8ರ ಮೇಲೆ. ನಿಮ್ಮದು ಅದರ ಕೆಳಗಿದೆ. ಮತ್ತೆ ನೀವು ತಗೊಳ್ಳುವ ಬಿಪಿ ಮಾತ್ರೆಯಲ್ಲಿರುವ ಹೈಡ್ರೋಕ್ಲೋರೋಥಯಾಜೈಡ್ ಇದೆಯಲ್ಲ, ಅದೇ ಯೂರಿಕ್ ಆಸಿಡನ್ನು ಏರಿಸುತ್ತದೆ. ಈ ನಂಬರ್ ನೋಡಿ ಯಾರಾದರೂ ಗೌಟ್ (ಯೂರಿಕ್ ಆಸಿಡ್ ಹರಳು ಕೀಲಿನಲ್ಲಿ ಕೂತು ಬರುವ ಊತ) ಮಾತ್ರೆ ಬರೆದರೆ, ಅದು ಒಂದು ಮಾತ್ರೆ ಮಾಡಿದ ಕೆಲಸಕ್ಕೆ ಇನ್ನೊಂದು ಮಾತ್ರೆ ಕೊಟ್ಟಂತೆ. ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಮುಂದಿನ ಸಲ ಹೋದಾಗ ಡಾಕ್ಟರ ಹತ್ತಿರ ಮಾತಾಡಿ. ಇನ್ನೊಂದು ಎಚ್ಚರ ಇಲ್ಲೇ ಹೇಳಿಬಿಡುತ್ತೇನೆ: ಈ ಜೋಡಿ ಬಿಪಿ ಮಾತ್ರೆಯ ಮೇಲೆ ಅಂಗಡಿಯಿಂದ ತಂದ ನೋವಿನ ಮಾತ್ರೆ, ಅಂದರೆ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಥರದ್ದು, ದಿನಾ ನುಂಗಿದರೆ ಮೂರೂ ಸೇರಿ ಕಿಡ್ನಿಗೆ ಪೆಟ್ಟು ಕೊಡಬಹುದು. ಬಿಪಿಯೂ ಏರುತ್ತದೆ. ನಿಮಗೆ ಮಾತ್ರೆಗಿಂತ ಮೇಲೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಒಳ್ಳೆಯದು.

ವಿಟಮಿನ್ ಡಿ 17 ಎಂದರೆ ಕಡಿಮೆಯೇ. ಮೂಳೆಗಾಗಿ ಸರಿಮಾಡಿಕೊಳ್ಳಿ. ಮಂಡಿ ಸರಿಹೋಗುತ್ತದೆ ಎಂದು ಮಾತ್ರ ಕಾಯಬೇಡಿ. 2013ರಲ್ಲಿ ಅಮೆರಿಕದಲ್ಲಿ, 2016ರಲ್ಲಿ ಆಸ್ಟ್ರೇಲಿಯಾದಲ್ಲಿ ಎರಡೆರಡು ವರ್ಷ ವಿಟಮಿನ್ ಡಿ ಕೊಟ್ಟು ನೋಡಿದ ಅಧ್ಯಯನಗಳು ಬಂದವು. ಮಂಡಿಯ ಕಾರ್ಟಿಲೇಜ್, ಅಂದರೆ ಮೂಳೆಯ ತುದಿಯ ನುಣುಪಾದ ಹೊದಿಕೆ, ಉಳಿಸುವುದರಲ್ಲಿ ಅದು ಖಾಲಿ ಮಾತ್ರೆಗಿಂತ ಮೇಲಾಗಲಿಲ್ಲ.

ಸರಿ, ನಿಮ್ಮ ಮಗ ಕಳಿಸಿದ ಸುದ್ದಿಗೆ ಬರೋಣ. ಅದು ಸುಳ್ಳು ಸುದ್ದಿಯಲ್ಲ. 2024ರ ಏಪ್ರಿಲ್‌ನಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವರ್ಜೀನಿಯಾ ಕ್ರಾಸ್ ಅವರ ತಂಡ ಅದನ್ನು ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಪ್ರಕಟಿಸಿತು. ಲಂಡನ್ನಿನ ಚಿಂಗ್‌ಫರ್ಡ್ ಎಂಬಲ್ಲಿ 1989ರಿಂದ ಸುಮಾರು ಸಾವಿರ ಹೆಂಗಸರನ್ನು ವರ್ಷಾನುವರ್ಷ ನೋಡಿಕೊಂಡು ಬಂದ ಒಂದು ಅಧ್ಯಯನವಿದೆ. ಅವರ ಹಳೆಯ ರಕ್ತದ ಮಾದರಿಗಳನ್ನು ತಣ್ಣಗೆ ಕಾದಿಟ್ಟಿದ್ದರು. ಅದರಿಂದ 200 ಜನರನ್ನು ಆರಿಸಿಕೊಂಡರು, ಅರ್ಧ ಜನ ಮುಂದೆ ಮಂಡಿ ಸವೆತ ಬಂದವರು, ಅರ್ಧ ಬರದವರು. ರಕ್ತದ ಪ್ರೋಟೀನು ತುಣುಕುಗಳನ್ನು ಹುಡುಕಿ ನೋಡಿದಾಗ, ಕೆಲವೇ ತುಣುಕುಗಳ ಗುಂಪು ಈ ಎರಡು ಗುಂಪಿನವರನ್ನು ಎಕ್ಸ್‌ರೇ ಬದಲಾಗುವ 8 ವರ್ಷ ಮೊದಲೇ ಸುಮಾರಾಗಿ ಬೇರ್ಪಡಿಸಿತು. ಒಳ್ಳೆಯ ಕೆಲಸ. ನಾನೂ ಓದಿ ಖುಷಿಪಟ್ಟವನೇ.

ಆದರೆ ಆ ‘ಸುಮಾರಾಗಿ’ ಎಷ್ಟು ಎಂದು ನೋಡಬೇಕು ಅಲ್ವಾ? ಅವರ ಅಂಕಿ 77. ಅಂದರೆ ಮುಂದೆ ಸವೆತ ಬರುವ ಒಬ್ಬರನ್ನೂ ಬರದ ಒಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಇವರಲ್ಲಿ ಯಾರಿಗೆ ಎಂದು ಕೇಳಿದರೆ ನೂರಕ್ಕೆ 77 ಸಲ ಸರಿಯಾಗಿ ಹೇಳುತ್ತದೆ. ಏನೂ ಗೊತ್ತಿಲ್ಲದವನು ನಾಣ್ಯ ಚಿಮ್ಮಿ ಹೇಳಿದರೂ 50 ಸಲ ಸರಿಯಾಗುತ್ತದೆ ಎಂಬುದು ನೆನಪಿರಲಿ. ಜೊತೆಗೆ ಅದು ಅರ್ಧಕ್ಕರ್ಧ ಆರಿಸಿ ಕೂಡಿಸಿದ ಗುಂಪು, ಎಲ್ಲರೂ ಒಂದೇ ಊರಿನ ಬಿಳಿಯ ಹೆಂಗಸರು. ಅವರು ಹುಡುಕಿದ್ದು ಎಕ್ಸ್‌ರೇಯ ಬದಲಾವಣೆಯನ್ನು, ನೋವನ್ನಲ್ಲ. ಎಕ್ಸ್‌ರೇ ಕೆಟ್ಟಿದ್ದೂ ಗುಡ್ಡ ಹತ್ತುವವರು ನನ್ನ ಹತ್ತಿರ ಇದ್ದಾರೆ, ಎಕ್ಸ್‌ರೇ ಚೆನ್ನಾಗಿದ್ದೂ ಅಡುಗೆಮನೆಯಿಂದ ಹಾಲ್‌ಗೆ ಬರಲು ಗೋಡೆ ಹಿಡಿಯುವವರೂ ಇದ್ದಾರೆ.

ಇದಕ್ಕಿಂತ ದೊಡ್ಡ ಪರೀಕ್ಷೆಯೊಂದು ಮೊದಲೇ ಆಗಿತ್ತು. ಅಮೆರಿಕದಲ್ಲಿ 2004ರಲ್ಲಿ ಆಸ್ಟಿಯೋಆರ್ಥ್ರೈಟಿಸ್ ಇನಿಷಿಯೇಟಿವ್ ಎಂಬ ಅಧ್ಯಯನ ಶುರುವಾಯಿತು. 45ರಿಂದ 79 ವಯಸ್ಸಿನ 4,796 ಜನರ ಮಂಡಿ, ರಕ್ತ, ಮೂತ್ರ, ಎಮ್‌ಆರ್‌ಐ ಎಲ್ಲ ಸಂಗ್ರಹಿಸಿದರು. ಅವರಲ್ಲಿ 600 ಜನರನ್ನು ಆರಿಸಿ, ರಕ್ತ, ಮೂತ್ರದಲ್ಲಿ ಸವೆತದ ಸುಳಿವು ಕೊಡುತ್ತವೆ ಎಂದು ಅದುವರೆಗೆ ಹೆಸರು ಮಾಡಿದ್ದ ಹತ್ತಾರು ಗುರುತುಗಳನ್ನು (ಬಯೋಮಾರ್ಕರ್) ಒಟ್ಟಿಗೆ ಅಳೆದು, ಯಾರ ಮಂಡಿ ಬೇಗ ಕೆಡುತ್ತದೆ ಎಂದು ಮುಂಚಿತವಾಗಿ ಹೇಳಲಾಗುತ್ತದಾ ಎಂದು ನೋಡಿದರು. ಕೆಲವು ಗುರುತು ನಿಜಕ್ಕೂ ಕೆಲಸ ಮಾಡಿದವು. ಆದರೆ ಎಲ್ಲ ಸೇರಿಸಿದರೂ ಅಂಕಿ ನೂರಕ್ಕೆ 75ನ್ನು ಮುಟ್ಟಲಿಲ್ಲ. ವಯಸ್ಸು, ತೂಕ, ನೋವು, ಎಕ್ಸ್‌ರೇ ಇವುಗಳಿಂದ ಮೊದಲೇ ಗೊತ್ತಾಗುವುದಕ್ಕೆ ಅವು ಕೂಡಿಸಿದ್ದು ಚೂರೇ ಚೂರು.

ಯಾಕೆ ಹೀಗೆ? ಇದು ನನಗೆ ಇಷ್ಟವಾದ ಭಾಗ, ಸ್ವಲ್ಪ ತಾಳ್ಮೆಯಿಂದ ಓದಿ.

ಮಂಡಿಯ ಮೂಳೆಗಳ ತುದಿಯಲ್ಲಿ ಬಿಳಿಯ, ನುಣುಪಾದ ಕಾರ್ಟಿಲೇಜ್ ಇರುತ್ತದೆ. ಅದರೊಳಗೆ ಹುರಿಯಂಥ ನಾರುಗಳಿವೆ, ಅವುಗಳನ್ನು ಎರಡನೇ ನಮೂನೆಯ ಕೊಲಾಜೆನ್ ಎನ್ನುತ್ತೇವೆ. ನಾರುಗಳ ನಡುವೆ ಅಗ್ರಿಕ್ಯಾನ್ ಎಂಬ ನೀರು ಹೀರುವ ವಸ್ತು, ಸ್ಪಂಜಿನ ಥರ. ನಾವು ಹೆಜ್ಜೆ ಇಟ್ಟಾಗ ಸ್ಪಂಜು ಅಮುಕುತ್ತದೆ, ಎತ್ತಿದಾಗ ಮತ್ತೆ ನೀರು ಹೀರುತ್ತದೆ. ಸವೆತ ಎಂದರೆ ಚಪ್ಪಲಿ ಸವೆದಂತೆ ಬರೀ ತಿಕ್ಕಾಟದಿಂದ ಆಗುವುದು ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಕೀಲಿನೊಳಗಿನ ಜೀವಕೋಶಗಳೇ ಕತ್ತರಿಯಂಥ ಕಿಣ್ವಗಳನ್ನು ಬಿಡುತ್ತವೆ. ಎಮ್‌ಎಮ್‌ಪಿ-13 ಎಂಬುದು ಕೊಲಾಜೆನ್ ಹುರಿ ಕತ್ತರಿಸುತ್ತದೆ, ಎಡಿಎಎಮ್‌ಟಿಎಸ್-5 ಅಗ್ರಿಕ್ಯಾನ್ ಸ್ಪಂಜನ್ನು ಕತ್ತರಿಸುತ್ತದೆ. ಕತ್ತರಿಸಿದ ಚೂರುಗಳು ಮಂಡಿಯ ನೀರಿಗೆ ಬೀಳುತ್ತವೆ, ಅಲ್ಲಿಂದ ದುಗ್ಧನಾಳಗಳ (ಲಿಂಫ್ ನಾಳಗಳ) ಮೂಲಕ ರಕ್ತಕ್ಕೆ ಹೋಗುತ್ತವೆ, ಕೊನೆಗೆ ಕಿಡ್ನಿ ಸೋಸಿ ಮೂತ್ರಕ್ಕೆ. ವಿಜ್ಞಾನಿಗಳು ಹಿಡಿಯುವುದು ಈ ಚೂರುಗಳನ್ನೇ. ಸಿಟಿಎಕ್ಸ್-2 ಎಂಬುದು ಕೊಲಾಜೆನ್ ಹುರಿಯ ತುದಿಯ ತುಂಡು, ಮೂತ್ರದಲ್ಲಿ ಅಳೆಯುತ್ತಾರೆ. ಕಾಂಪ್ ಎಂಬುದು ಕಾರ್ಟಿಲೇಜಿನಲ್ಲಿರುವ ಇನ್ನೊಂದು ಪ್ರೋಟೀನು, ರಕ್ತದಲ್ಲಿ ಅಳೆಯುತ್ತಾರೆ. ಹಯಲುರಾನಿಕ್ ಆಸಿಡ್ ಮಂಡಿಯ ನೀರನ್ನು ಲೋಳೆಯಾಗಿಸುವ ವಸ್ತು, ಜನ ಗ್ರೀಸ್ ಎನ್ನುವುದು ಇದನ್ನೇ, ಅದೂ ರಕ್ತದಲ್ಲಿ ಸಿಗುತ್ತದೆ.

ಮಳೆಗಾಲದಲ್ಲಿ ವರದಾ ಹೊಳೆ ಕೆಂಪಾಗಿ ಹರಿಯುವುದನ್ನು ನೀವು ನೋಡಿಯೇ ಇರುತ್ತೀರಿ. ಎಲ್ಲೋ ಮಣ್ಣು ಕೊಚ್ಚಿಹೋಗುತ್ತಿದೆ ಎಂದು ಗೊತ್ತಾಗುತ್ತದೆ, ಯಾರ ತೋಟದ್ದು ಎಂದು ಸೇತುವೆಯ ಮೇಲೆ ನಿಂತು ಹೇಳಲು ಆಗುತ್ತದಾ? ರಕ್ತದ ಕತೆ ಅದೇ. ಎರಡನೇ ನಮೂನೆಯ ಕೊಲಾಜೆನ್ ನಿಮ್ಮ ಬಲ ಮಂಡಿಯಲ್ಲಷ್ಟೇ ಇಲ್ಲ, ಎಡ ಮಂಡಿಯಲ್ಲಿದೆ, ಸೊಂಟದಲ್ಲಿದೆ, ಬೆನ್ನುಮೂಳೆಯ ಡಿಸ್ಕ್‌ಗಳಲ್ಲೂ ಇದೆ. ಕಾಂಪ್ ಸ್ನಾಯುರಜ್ಜುಗಳಲ್ಲೂ ಇರುತ್ತದೆ. 56ಕ್ಕೆ ಬೆನ್ನು ಸ್ವಲ್ಪವೂ ಸವೆಯದವರು ಯಾರಿದ್ದಾರೆ?

ಅಷ್ಟೇ ಆಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಈ ಚೂರುಗಳ ಪ್ರಮಾಣ ದಿನದ ಹೊತ್ತಿನ ಮೇಲೂ ನಿಲ್ಲುತ್ತದೆ. ಬೆಳಿಗ್ಗೆ ಎದ್ದು ಓಡಾಡಿ, ತಿಂಡಿ ತಿಂದ ಮೇಲೆ ರಕ್ತ ಕೊಟ್ಟರೆ ಹಯಲುರಾನಿಕ್ ಆಸಿಡ್ ಏರಿರುತ್ತದೆ, ಯಾಕೆಂದರೆ ರಾತ್ರಿ ಕೀಲಿನಲ್ಲಿ ಮತ್ತು ಹೊಟ್ಟೆಯ ದುಗ್ಧನಾಳಗಳಲ್ಲಿ ನಿಂತಿದ್ದದ್ದು ನಡಿಗೆಗೂ ಊಟಕ್ಕೂ ರಕ್ತದೊಳಕ್ಕೆ ಹರಿದು ಬರುತ್ತದೆ. ಕಾಯಿಲೆ ಬಂದು ಲಿವರ್ ಗಟ್ಟಿಕಟ್ಟಿದವರಲ್ಲೂ ಅದು ಏರುತ್ತದೆ, ಮಂಡಿ ಕಬ್ಬಿಣದ ಹಾಗೆ ಇದ್ದರೂ. ಬಿರುಸಾಗಿ ನಡೆದು ಬಂದರೆ ಕಾಂಪ್ ಏರುತ್ತದೆ. ಮುಟ್ಟು ನಿಂತ ಮೇಲೆ ಸಿಟಿಎಕ್ಸ್-2 ಏರುತ್ತದೆ. ಕಿಡ್ನಿ ನಿಧಾನವಾದರೆ ಸೋಸಿ ಹೋಗಬೇಕಾದ ಚೂರುಗಳು ರಕ್ತದಲ್ಲೇ ನಿಲ್ಲುತ್ತವೆ. ಹೀಗಿರುವಾಗ ಲ್ಯಾಬಿನಿಂದ ಒಂದು ನಂಬರ್ ಬಂತು ಎಂದಿಟ್ಟುಕೊಳ್ಳಿ. ಅದು ನಿಮ್ಮ ಮಂಡಿಯ ಮಾತೋ, ಬೆನ್ನಿನದೋ, ನೀವು ಬಸ್‌ಸ್ಟ್ಯಾಂಡಿನಿಂದ ಲ್ಯಾಬಿಗೆ ಓಡಿ ಬಂದದ್ದೋ?

ಹಾಗಾದರೆ ಹೊಳೆ ಬಿಟ್ಟು ತೋಟಕ್ಕೇ ಹೋಗೋಣ, ಮಂಡಿಯ ನೀರಲ್ಲೇ ಅಳೆಯೋಣ ಎಂದು ನೀವು ಕೇಳಬಹುದು. ಸಂಶೋಧಕರೂ ಅದನ್ನೇ ಮಾಡುತ್ತಾರೆ. ಅಲ್ಲಿ ಚೂರುಗಳು ದಟ್ಟವಾಗಿ ಸಿಗುತ್ತವೆ, ಉರಿಯೂತದ ಐಎಲ್-6ನಂಥ ಸಂದೇಶವಾಹಕಗಳೂ ಸಿಗುತ್ತವೆ. ತೊಂದರೆ ಬೇರೆ. ಆರೋಗ್ಯದ ಮಂಡಿಯಲ್ಲಿರುವ ನೀರು ಒಂದು ಚಮಚದಷ್ಟೂ ಇಲ್ಲ, ಮೂರು ಮಿಲಿಯ ಆಸುಪಾಸು, ಸೂಜಿಗೆ ಸಿಗುವುದೇ ಕಷ್ಟ. ನೋವಿಲ್ಲದವರು ಸೂಜಿ ಚುಚ್ಚಿಸಿಕೊಳ್ಳಲು ಯಾಕೆ ಬರುತ್ತಾರೆ? ಹಾಗಾಗಿ ‘ಸರಿಯಾದ ಮಟ್ಟ ಇಷ್ಟು’ ಎಂದು ಹೇಳಲು ಬೇಕಾದ ಸಾಮಾನ್ಯ ಜನರ ಮಾದರಿಯೇ ಕಡಿಮೆ. ನೀರು ಸಿಗದ ಮಂಡಿಗೆ ಉಪ್ಪುನೀರು ಹಾಕಿ, ಕಲಕಿ, ವಾಪಸ್ ಎಳೆದುಕೊಳ್ಳುತ್ತಾರೆ. ಆಗ ಎಷ್ಟು ತೆಳುವಾಯಿತು ಎಂದು ತಿಳಿಯಬೇಕಲ್ಲ, ಅದಕ್ಕೊಂದು ಚಂದದ ಉಪಾಯ ಇದೆ. ಯೂರಿಯಾ ರಕ್ತದಲ್ಲೂ ಮಂಡಿಯ ನೀರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಎರಡನ್ನೂ ಅಳೆದು ಹೋಲಿಸಿದರೆ ಎಷ್ಟು ಉಪ್ಪುನೀರು ಬೆರೆತಿದೆ ಎಂದು ಲೆಕ್ಕ ಸಿಗುತ್ತದೆ. ಹಾಲಿಗೆ ನೀರು ಬೆರೆಸಿದ್ದನ್ನು ಹಿಡಿದ ಹಾಗೆ. ಸಂಶೋಧನೆಗೆ ಇದು ಸರಿ, ಓಪಿಡಿಯಲ್ಲಿ ದಿನಾ ಮಾಡುವ ಕೆಲಸವಲ್ಲ.

ಇನ್ನೂ ಒಂದು ಕಹಿ ಮಾತಿದೆ. ಗುರುತು ಸಿಕ್ಕಿದ ಮಾತ್ರಕ್ಕೆ ಔಷಧಿ ಸಿಗುವುದಿಲ್ಲ. ಸವೆದ ಮಂಡಿಯಲ್ಲಿ ಐಎಲ್-1 ಎಂಬ ಉರಿಯೂತದ ವಸ್ತು ಇದೆ ಎಂದು ಗೊತ್ತಾಗಿ, ಅದನ್ನು ತಡೆಯುವ ಲುಟಿಕಿಝುಮಾಬ್ ಎಂಬ ಔಷಧಿಯನ್ನು ಮಂಡಿ ಸವೆತದವರ ಮೇಲೆ ಪ್ರಯೋಗಿಸಿದರು. ಮಂಡಿಯ ಒಳಪದರದ ಊತ ಇಳಿಯಲಿಲ್ಲ. ಇನ್ನೊಂದು ಕಡೆ ಸ್ಪ್ರಿಫರ್ಮಿನ್ ಎಂಬ ಇಂಜೆಕ್ಷನ್ನು. 549 ಜನರ ಮೇಲೆ ಮಾಡಿದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು, ಎಮ್‌ಆರ್‌ಐಯಲ್ಲಿ ಕಾರ್ಟಿಲೇಜ್ ನಿಜವಾಗಿಯೂ ಕೂದಲೆಳೆಯಷ್ಟು ದಪ್ಪವಾಗಿತ್ತು. ನೋವು ಮಾತ್ರ ಖಾಲಿ ಇಂಜೆಕ್ಷನ್ ತಗೊಂಡವರಷ್ಟೇ. ನಿಮ್ಮ ಮಗನಿಗೆ ಇದನ್ನೂ ಕಳಿಸಿ.

ಹಾಗೆಂದು ಈ ಹುಡುಕಾಟ ದಂಡ ಎನ್ನುವವನು ನಾನಲ್ಲ. ಮಂಡಿ ಸವೆತ ಒಂದೇ ಕಾಯಿಲೆಯಲ್ಲ, ಹಲವು ಕಾಯಿಲೆಗಳಿಗೆ ಒಂದೇ ಹೆಸರಿಟ್ಟಿದ್ದೇವೆ ಎಂಬ ಅನುಮಾನ ಬಲವಾಗುತ್ತಿದೆ. ಆ 600 ಜನರ ರಕ್ತ ಮೂತ್ರದ ಅಂಕಿಗಳನ್ನೇ ಮತ್ತೆ ಜಾಲಾಡಿದಾಗ ಮೂರು ಬಗೆಯವರು ಕಂಡರು: ಚೂರುಗಳು ಕಡಿಮೆ ಉದುರುವವರು, ಜಾಸ್ತಿ ಉದುರುವವರು, ಮೈಯೆಲ್ಲ ಸಣ್ಣ ಉರಿಯೂತ ಇರುವವರು. ಮುಂದೊಂದು ದಿನ ಯಾವ ಔಷಧಿ ಯಾರಿಗೆ ಎಂದು ಆರಿಸಲು ಇದು ಬೇಕಾಗುತ್ತದೆ. ಔಷಧಿ ಕಂಪನಿಗಳಿಗೆ ಈಗಲೇ ಬೇಕು. ಬೇಗ ಕೆಡುವ ಮಂಡಿಗಳನ್ನು ಮೊದಲೇ ಆರಿಸಿಕೊಂಡರೆ ಐದು ವರ್ಷದ ಪ್ರಯೋಗ ಎರಡು ವರ್ಷಕ್ಕೆ ಮುಗಿದೀತು. ನಿಮ್ಮ ಕೈಗೆ ಬರುವ ರಿಪೋರ್ಟ್ ಮಾತ್ರ ಅದಲ್ಲ.

ಈಗ ನಿಮ್ಮ ಮಂಡಿಯ ನೀರು. ಇದನ್ನು ತೆಗೆಸಿ ಎಂದು ನಾನು ಹೇಳುವುದು ಸವೆತ ಅಳೆಯಲಿಕ್ಕಲ್ಲ, ಸವೆತ ಅಲ್ಲದ್ದು ಒಳಗೆ ಏನಾದರೂ ಇದೆಯಾ ಎಂದು ನೋಡಲಿಕ್ಕೆ. ಎರಡು ವರ್ಷ ಸುಮ್ಮನೆ ನೋಯುತ್ತಿದ್ದ ಮಂಡಿ, ಒಂದೇ ಮಂಡಿ, ಮೂರು ತಿಂಗಳಿಂದ ಊದುತ್ತಿದೆ. ಬಹುಪಾಲು ಸಲ ಇದು ಸವೆತದ ಊತವೇ. ಆದರೆ ನಮ್ಮ ದೇಶದಲ್ಲಿ ತಿಂಗಳುಗಟ್ಟಲೆ ಒಂದೇ ಮಂಡಿ ಊದಿದರೆ ಟಿಬಿ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ವಯಸ್ಸಾದವರಲ್ಲಿ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಎಂಬ ಹರಳು ಕೂತು ಗೌಟ್‌ನ ಹಾಗೇ ಕಾಡುವುದುಂಟು. ಇದಕ್ಕೆ ರಕ್ತದಲ್ಲಿ ಪರೀಕ್ಷೆಯೇ ಇಲ್ಲ, ನೀರಿನಲ್ಲೇ ನೋಡಬೇಕು.

ನೀರು ತೆಗೆದ ಡಾಕ್ಟರಿಗೆ ಅರ್ಧ ಉತ್ತರ ಸಿರಿಂಜಿನಲ್ಲೇ ಸಿಗುತ್ತದೆ. ಸವೆತದ ನೀರು ತೆಳು ಹಳದಿ, ತಿಳಿಯಾಗಿರುತ್ತದೆ, ಟ್ಯೂಬಿನ ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದಬಹುದು. ಸೂಜಿಯ ತುದಿಯಿಂದ ಬಿಟ್ಟರೆ ಜೋನಿಬೆಲ್ಲದ ಹಾಗೆ ಎಳೆ ಎಳೆಯಾಗಿ ಇಳಿಯುತ್ತದೆ. ಉರಿಯೂತ ಜೋರಿರುವ ಮಂಡಿಯದು ಮಬ್ಬಾಗಿರುತ್ತದೆ, ನೀರಿನಂತೆ ತೊಟ್ಟಿಕ್ಕುತ್ತದೆ, ಯಾಕೆಂದರೆ ಲೋಳೆ ಕೊಡುವ ಹಯಲುರಾನಿಕ್ ಆಸಿಡ್ ಕತ್ತರಿಸಿ ತೆಳುವಾಗಿರುತ್ತದೆ. ಆಮೇಲೆ ಬಿಳಿ ರಕ್ತಕಣದ ಎಣಿಕೆ. ಒಂದು ಘನ ಮಿಲಿಮೀಟರಿಗೆ 2,000ಕ್ಕಿಂತ ಕಡಿಮೆ ಇದ್ದರೆ ಸವೆತದ ಕಡೆಗೆ. ಅದಕ್ಕಿಂತ ಜಾಸ್ತಿ ಇದ್ದರೆ ಉರಿಯೂತದ ಕಾಯಿಲೆ ಹುಡುಕಬೇಕು. 50,000 ದಾಟಿದರೆ ಕೀವು ಎಂದೇ ತಿಳಿದು ಅವತ್ತೇ ಚಿಕಿತ್ಸೆ ಶುರುಮಾಡುತ್ತೇವೆ. ಹರಳು ನೋಡಲು ಪೋಲರೈಸ್ಡ್ ಮೈಕ್ರೋಸ್ಕೋಪ್ ಬೇಕು. ಗೌಟ್‌ನ ಹರಳು ಸೂಜಿಯಂತೆ, ಇನ್ನೊಂದರದು ಚೌಕಾಕಾರದ ಚೂರಿನಂತೆ. ನಿಮ್ಮ ಊರಿನ ಲ್ಯಾಬಿನಲ್ಲಿ ಆ ಮೈಕ್ರೋಸ್ಕೋಪ್ ಇದೆಯಾ ಎಂದು ಮೊದಲೇ ಕೇಳಿ. ಇಲ್ಲದಿದ್ದರೆ ಇರುವ ಕಡೆಯೇ ನೀರು ತೆಗೆಸಿ, ಹೊತ್ತು ಕಳೆದರೆ ಹರಳು ನೋಡುವುದು ಕಷ್ಟವಾಗುತ್ತದೆ. ಹಾಗಾಗಿ ನೀವು ಹೇಳಿ ಮಾಡಿಸಬೇಕಾದದ್ದು ಕಣಗಳ ಎಣಿಕೆ, ಹರಳು, ಕಲ್ಚರ್ (ಸೋಂಕಿನ ಕ್ರಿಮಿ ಬೆಳೆಯುತ್ತದಾ ಎಂದು ನೋಡುವುದು), ಮತ್ತು ಡಾಕ್ಟರಿಗೆ ಅನುಮಾನ ಬಂದರೆ ಟಿಬಿ ಪರೀಕ್ಷೆ. ಟಿಬಿ ನೀರಿನಲ್ಲಿ ಸಿಗದೆ ಒಳಪದರದ ತುಣುಕು ತೆಗೆದು ನೋಡಬೇಕಾಗುವ ಸಂದರ್ಭವೂ ಇರುತ್ತದೆ.

ಅಂದಹಾಗೆ, ಮಂಡಿಯ ನೀರಿನ ಗುರುತು ಗೆದ್ದಿರುವ ಜಾಗ ಒಂದಿದೆ. ಮಂಡಿ ಬದಲಿಸಿದವರಲ್ಲಿ ಕೃತಕ ಕೀಲಿಗೆ ಸೋಂಕು ಆಗಿದೆಯಾ ಎಂದು ತಿಳಿಯಲು ಆಲ್ಫಾ-ಡಿಫೆನ್ಸಿನ್ ಎಂಬ ಪ್ರೋಟೀನನ್ನು ಆ ನೀರಲ್ಲಿ ಅಳೆಯುತ್ತಾರೆ. ಅಲ್ಲಿ ಪ್ರಶ್ನೆ ಸಣ್ಣದು, ಸೋಂಕು ಇದೆಯಾ ಇಲ್ಲವಾ, ಅದಕ್ಕೇ ಉತ್ತರ ಸಿಕ್ಕಿತು.

ಗ್ರೀಸ್ ಹೋಗುತ್ತದೆ ಎಂಬ ಅಕ್ಕಪಕ್ಕದವರ ಮಾತು ಬಿಡಿ. ಮಂಡಿಯ ನೀರು ತೊಟ್ಟಿಯಲ್ಲಿ ತುಂಬಿಟ್ಟದ್ದಲ್ಲ, ಒರತೆಯ ಥರ. ಒಳಪದರ ಅದನ್ನು ದಿನವೂ ಒಸರುತ್ತದೆ, ದಿನವೂ ಹೀರಿಕೊಳ್ಳುತ್ತದೆ. ತೆಗೆದ ಮೇಲೆ ಮತ್ತೆ ತುಂಬಿದರೆ ಅದು ತೆಗೆದದ್ದರಿಂದಲ್ಲ, ಒಳಗಿನ ಕಿರಿಕಿರಿ ಹಾಗೇ ಇರುವುದರಿಂದ. ಇದೇ ನೆಪದಲ್ಲಿ ಯಾರಾದರೂ ಗ್ರೀಸ್ ಇಂಜೆಕ್ಷನ್ ಹಾಕಿಸಿಕೊಳ್ಳಿ ಎಂದರೆ, 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಪರಿಶೀಲನೆ ನೆನಪಿಸಿ. 21,000ಕ್ಕೂ ಹೆಚ್ಚು ಜನರ ಮೇಲಾದ ಪ್ರಯೋಗಗಳನ್ನು ಒಟ್ಟಿಗೆ ನೋಡಿದರೆ ನೋವು ಇಳಿದದ್ದು ರೋಗಿಗೆ ಗೊತ್ತಾಗದಷ್ಟು ಕಡಿಮೆ.

ಹಾಗಾದರೆ ನೀವು ಏನು ಮಾಡಬೇಕು? ನೀರಿನ ರಿಪೋರ್ಟ್ ಸವೆತದ್ದೇ ಎಂದು ಬಂದರೆ, ಏಳು ಕಿಲೋ ಇಳಿಸಬೇಕು. ಹೇಳುವುದು ಸುಲಭ ಎಂದು ಬೈಯಬೇಡಿ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋ ಕಡಿಮೆಯಾಗುತ್ತದೆ ಎಂದು ಅಳೆದು ನೋಡಿದ್ದಾರೆ. ಇನ್ನೂ ಸ್ವಾರಸ್ಯ ಏನೆಂದರೆ ನೀವು ಕೇಳಿದ ರಕ್ತದ ಗುರುತು ಇಲ್ಲಿ ಬರುತ್ತದೆ. ಅಮೆರಿಕದ ನಾರ್ತ್ ಕೆರೋಲಿನಾದಲ್ಲಿ 454 ಜನರನ್ನು ಹದಿನೆಂಟು ತಿಂಗಳು ನೋಡಿದ ಐಡಿಯಾ ಎಂಬ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಊಟ ಹಿಡಿತಕ್ಕೆ ತಂದು ವ್ಯಾಯಾಮವನ್ನೂ ಮಾಡಿದವರ ತೂಕ ನೂರಕ್ಕೆ ಸುಮಾರು ಹನ್ನೊಂದರಷ್ಟು ಇಳಿಯಿತು, ನೋವು ಹೆಚ್ಚುಕಡಿಮೆ ಅರ್ಧಕ್ಕೆ ಬಂತು. ಊಟ ಕಡಿಮೆ ಮಾಡಿದವರ ರಕ್ತದಲ್ಲಿ ಐಎಲ್-6 ಕೂಡ ಇಳಿದಿತ್ತು. ಯಾಕೆಂದರೆ ಹೊಟ್ಟೆಯ ಕೊಬ್ಬು ಸುಮ್ಮನೆ ಕೂತಿರುವ ಸಾಮಾನಲ್ಲ, ಉರಿಯೂತದ ವಸ್ತುಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ತೂಕದವರಿಗೆ ಭಾರ ಬೀಳದ ಕೈಬೆರಳುಗಳಲ್ಲೂ ಸವೆತ ಜಾಸ್ತಿ ಕಾಣುವುದಕ್ಕೆ ಇದೂ ಒಂದು ಕಾರಣ.

ತೊಡೆಯ ಮುಂದಿನ ಮಾಂಸಖಂಡಕ್ಕೆ ದಿನಾ ಕೆಲಸ ಕೊಡಿ: ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಹತ್ತು ಎಣಿಸುವವರೆಗೆ ಹಿಡಿಯುವುದು, ಕೈ ಊರದೆ ಕುರ್ಚಿಯಿಂದ ಏಳುವುದು. ಫಿಸಿಯೋಥೆರಪಿಸ್ಟ್ ಹತ್ತಿರ ಒಂದೆರಡು ಸಲ ಹೋಗಿ ಕಲಿತುಕೊಳ್ಳಿ, ಮೊಬೈಲ್ ವಿಡಿಯೋ ನೋಡಿ ಮಾಡಬೇಡಿ. ನೋವು ಇಳಿಯುವವರೆಗೆ ಕುಕ್ಕರಗಾಲಲ್ಲಿ ಕೂತು ಅಡಿಕೆ ಆರಿಸುವುದು, ನೆಲ ಒರೆಸುವುದು ಬೇಡ. ಮಣೆ ಬಿಟ್ಟು ಸ್ಟೂಲ್ ಹಾಕಿಕೊಳ್ಳಿ. ನಡೆಯುವುದನ್ನು ನಿಲ್ಲಿಸಬೇಡಿ, ಸ್ಪಂಜು ಅಮುಕಿದರೇ ಅದಕ್ಕೆ ಊಟ ಸಿಗುವುದು.

ಕೊನೆಗೆ ಮಗಳು. ನಿಜ ಹೇಳಬೇಕೆಂದರೆ ನಿಮ್ಮ ಪತ್ರ ಓದುವಾಗ ನನಗೆ ಜಾಸ್ತಿ ಯೋಚನೆ ಆದದ್ದು ಅವಳದ್ದೇ. ಲಿಗಮೆಂಟ್ ಹರಿದವರಲ್ಲಿ ಹತ್ತರಿಂದ ಇಪ್ಪತ್ತು ವರ್ಷದೊಳಗೆ ಸುಮಾರು ಅರ್ಧ ಜನರಿಗೆ ಮಂಡಿ ಸವೆತ ಬರುತ್ತದೆ, ಆಪರೇಷನ್ ಆಗಿದ್ದರೂ. ಗುರುತುಗಳ ಸಂಶೋಧನೆಗೂ ಇಂಥ ಮಂಡಿಗಳೇ ಬಹಳ ಕಲಿಸಿವೆ. ಯಾಕೆಂದರೆ ಬೇರೆಯವರಲ್ಲಿ ಕಾಯಿಲೆ ಯಾವ ದಿನ ಶುರುವಾಯಿತು ಎಂದು ಯಾರಿಗೂ ಗೊತ್ತಿಲ್ಲ, ಇವರಲ್ಲಿ ದಿನ ಗೊತ್ತು. ಬಿದ್ದ ಕೆಲವೇ ದಿನಗಳಲ್ಲಿ ತೆಗೆದ ಮಂಡಿಯ ನೀರಿನಲ್ಲಿ ಕಾರ್ಟಿಲೇಜಿನ ಚೂರುಗಳು ಹಲವು ಪಟ್ಟು ಏರಿರುತ್ತವೆ, ಕೆಲವರಲ್ಲಿ ವರ್ಷಗಳವರೆಗೂ ಪೂರ್ತಿ ಇಳಿಯುವುದಿಲ್ಲ. ಆದರೂ ಅವಳಿಗೆ ಇವತ್ತು ರಕ್ತ ಪರೀಕ್ಷೆ ಬೇಡ. ಅಪಾಯ ಇದೆ ಎಂದು ಪರೀಕ್ಷೆ ಮಾಡದೆಯೇ ಗೊತ್ತಿದೆ, ಪರೀಕ್ಷೆ ಏನೇ ಹೇಳಿದರೂ ಮಾಡಬೇಕಾದ ಕೆಲಸ ಬದಲಾಗುವುದಿಲ್ಲ. ಆಪರೇಷನ್ ಆದ ಕಾಲಿನ ತೊಡೆ ಇನ್ನೊಂದರಷ್ಟೇ ದಪ್ಪ ಇದೆಯಾ, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಎರಡೂ ಕಾಲು ಸಮ ದೂರ ಹೋಗುತ್ತವಾ, ಮಂಡಿ ಆಗಾಗ ಜಾರಿದಂತಾಗುತ್ತದಾ, ತೂಕ ಎಷ್ಟಿದೆ, ಇಷ್ಟನ್ನು ನೋಡಬೇಕು. ಅವಳು ಒಮ್ಮೆ ಮೂಳೆ ಡಾಕ್ಟರ ಹತ್ತಿರವೋ ಕ್ರೀಡಾ ಫಿಸಿಯೋ ಹತ್ತಿರವೋ ಹೋಗಲಿ. ಹೋಗುವಾಗ ಹಳೆಯ ಆಪರೇಷನ್ನಿನ ಕಾಗದ ತೆಗೆದುಕೊಂಡು ಹೋಗಲಿ, ಮಂಡಿಯೊಳಗಿನ ಗಾದಿಯನ್ನು, ಅದೇ ಮೆನಿಸ್ಕಸ್ ಅನ್ನು, ಅವತ್ತು ಕತ್ತರಿಸಿ ತೆಗೆದಿದ್ದರಾ ಅಥವಾ ಹೊಲಿದಿದ್ದರಾ ಎಂಬುದು ಅದರಲ್ಲಿ ಬರೆದಿರುತ್ತದೆ. ಮುಂದಿನ ಲೆಕ್ಕಾಚಾರಕ್ಕೆ ಆ ಒಂದು ಸಾಲು ಬೇಕು.